ಉಂಡ ಮ್ಯಾಲ ಎಲ್ಲಿ ಮಲಗ್ತೀರಿ?

ಸೀಗಿ ಹುಣ್ಣಿಮೆ ಇನ್ನು ಮೂರು ನಾಲ್ಕು ದಿನ ಇದೆ ಎನ್ನುವಾಗ ಉಮರ್ಗಾದ ಹೆದ್ದಾರಿಗೆ ನಿದ್ದೆ ಇರುವುದಿಲ್ಲ. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಓಡುವ ಲಾರಿಗಳು ರಸ್ತೆಯ ನಡುವೆ, ತುಳಜಾಪುರಕ್ಕೆ ನಡೆದು ಹೊರಟ ಮಂದಿ ರಸ್ತೆಯ ಅಂಚಿಗೆ. ಬೀದರ, ಹುಮನಾಬಾದ, ಬಸವಕಲ್ಯಾಣದ ಕಡೆಯವರು ಗುಂಪು ಗುಂಪಾಗಿ ಬರುತ್ತಾರೆ. ಒಬ್ಬನ ಹೆಗಲ ಮೇಲೆ ಕೇಸರಿ ಧ್ವಜ, ಒಬ್ಬಳ ಕೊರಳಲ್ಲಿ ಕವಡೆಸರ, ಇನ್ನೊಬ್ಬನ ಕಾಲಿಗೆ ಹರಿದ ಪಂಚೆಯ ಪಟ್ಟಿ. ದಸರೆಯ ಸೀಮೋಲ್ಲಂಘನ ಮುಗಿಸಿದ ಅಂಬಾಭವಾನಿ ಹುಣ್ಣಿಮೆಯ ತನಕ ಪಲ್ಲಂಗದ ಮೇಲೆ ಮಲಗಿರುತ್ತಾಳೆ. ಅವಳು ಎದ್ದು ಕೂಡುವ ಹೊತ್ತಿಗೆ ಗುಡಿ ಮುಟ್ಟಬೇಕೆಂಬ ಅವಸರ ಎಲ್ಲರಿಗೂ. "ಆಯಿ ರಾಜಾ ಉದೋ ಉದೋ" ಎಂಬ ಕೂಗು ಒಂದು ಗುಂಪಿನ ಬಾಯಿಂದ ಇನ್ನೊಂದು ಗುಂಪಿನ ಬಾಯಿಗೆ ದಾಟುತ್ತ ಕತ್ತಲಲ್ಲಿ ಮುಂದೆ ಹೋಗುತ್ತದೆ.

ದಾರಿಯುದ್ದಕ್ಕೂ ಪೆಂಡಾಲು. ನಾಲ್ಕು ಬಿದಿರು, ಮೇಲೊಂದು ತಾಡಪತ್ರಿ, ಒಂದು ಟ್ಯೂಬ್‌ಲೈಟು, ದೇವಿಯ ಫೋಟೊ. ಅದರ ಹಿಂದೆ ಗ್ಯಾಸ್ ಬಟ್ಟಿಯ ಮೇಲೆ ದೊಡ್ಡ ಹಂಡೆ. ಒಂದು ಪೆಂಡಾಲಿನಲ್ಲಿ ಉಪ್ಪಿಟ್ಟು, ಮುಂದಿನದರಲ್ಲಿ ಅನ್ನ-ಸಾರು, ಅದರಾಚೆ ಬರೀ ಚಹಾ ಮತ್ತು ಬಿಸಿನೀರು. ಬಿಸಿನೀರು ಕಾಲಿಗೆ. ಹಗಲೆಲ್ಲ ಮೊಬೈಲ್ ರಿಪೇರಿ ಮಾಡುವ ಹುಡುಗರು, ಅಡತಿ ಅಂಗಡಿಯ ಗುಮಾಸ್ತರು, ಕಾಲೇಜಿನ ಹುಡುಗಿಯರು ಪರಿಚಯವೇ ಇಲ್ಲದವರ ಪಾದ ತೊಳೆದು ಮುಲಾಮು ತಿಕ್ಕುತ್ತಾರೆ. ನಾಚಿಕೆಯಿಂದ ಕಾಲು ಹಿಂದೆಳೆದುಕೊಳ್ಳುವ ಮುದುಕಿಗೆ "ಇರ್ಲಿ ಬಿಡು ಆಯಿ, ನಿನ್ನ ಕಾಲ ಹಿಡದ್ರ ಆಕಿ ಕಾಲ ಹಿಡದಂಗ" ಎನ್ನುತ್ತಾರೆ.

ಇಂಥ ಪೆಂಡಾಲಿನ ಪಂಕ್ತಿಯ ತುದಿಯನ್ನು ಸ್ವಲ್ಪ ಗಮನಿಸಿ ನೋಡಬೇಕು. ಅಲ್ಲಿ ಕೂತವನ ಹಣೆಯಲ್ಲಿ ಕುಂಕುಮವಿಲ್ಲ, ಕೈಯಲ್ಲಿ ಧ್ವಜವಿಲ್ಲ. ಒಂದು ಕಾಲಿಗೆ ರಬ್ಬರಿನ ಚಪ್ಪಲಿ, ಇನ್ನೊಂದಕ್ಕೆ ಹಿಮ್ಮಡಿ ತುಳಿದ ಬೂಟು. ಮಗ್ಗುಲಲ್ಲಿ ಗೊಬ್ಬರದ ಚೀಲ, ಅದರ ಬಾಯಿಗೆ ಬಿಗಿದ ಸುತಳಿಯ ತುದಿ ಮುಂಗೈಗೆ ಸುತ್ತಿದೆ. ಉಣ್ಣುವಾಗಲೂ ಅವನು ಅದನ್ನು ಬಿಚ್ಚುವುದಿಲ್ಲ. ತಟ್ಟೆಯ ಅನ್ನದಲ್ಲಿ ಅರ್ಧ ಉಂಡು ಉಳಿದರ್ಧವನ್ನು ಕಾಗದದಲ್ಲಿ ಕಟ್ಟಿಕೊಳ್ಳುತ್ತಾನೆ. ತುಳಜಾಪುರಕ್ಕೆ ಹೋಗುವವನು ಹೀಗೆ ಕಟ್ಟಿಕೊಳ್ಳುವುದಿಲ್ಲ. ಮುಂದಿನ ಪೆಂಡಾಲಿನಲ್ಲಿ ಊಟವಿದೆಯೆಂದು ಅವನಿಗೆ ಗೊತ್ತು. ನಾಳೆಯ ಊಟದ ಖಾತ್ರಿ ಇಲ್ಲದವನಷ್ಟೇ ಕಟ್ಟಿಕೊಳ್ಳುತ್ತಾನೆ.

ಬಡಿಸುತ್ತಿದ್ದ ಹುಡುಗ ಸುಮ್ಮನಿರಲಾರದೆ ಕೇಳುತ್ತಾನೆ: "ಅಜ್ಜಾ, ನಿಂದು ಯಾವ ಊರು?"

ಹಂಡೆಯ ಹತ್ತಿರ ನಿಂತ ಹಿರಿಯರು ಅಲ್ಲಿಂದಲೇ ಗದರುತ್ತಾರೆ: "ಏ ತಮ್ಮಾ, ಉಣ್ಣವರಿಗಿ ಊರ್ ಕೇಳಬ್ಯಾಡ."

ಈ ಗಡಿಸೀಮೆಯ ಭಕ್ತಿಯೆಲ್ಲ ಈ ಒಂದು ಮಾತಿನೊಳಗಿದೆ. ಅದರ ದೊಡ್ಡತನವೂ ಅಲ್ಲೇ ಇದೆ, ಕೊರತೆಯೂ ಅಲ್ಲೇ ಇದೆ.

ದಾರಿಗಳ ಸೀಮೆ

ಉಮರ್ಗಾ ಧಾರಾಶಿವ ಜಿಲ್ಲೆಗೆ ಸೇರಿದೆ, ಹಳೆಯ ಉಸ್ಮಾನಾಬಾದ. ನಿಲಂಗಾ ಮತ್ತು ಉದಗೀರ ಲಾತೂರ ಜಿಲ್ಲೆಯವು. ನಿಜಾಮರ ಕಾಲದಲ್ಲಿ ಉದಗೀರ, ನಿಲಂಗಾ ಎರಡೂ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. 1956ರ ನವೆಂಬರ್ 1ರಂದು ಗೆರೆ ಎಳೆದಾಗ ಅವು ಮರಾಠಿಯ ಕಡೆ ಹೋದವು, ಭಾಲ್ಕಿ, ಔರಾದ ಕನ್ನಡದ ಕಡೆ ಉಳಿದವು. ಬೀಗತನ ಮಾತ್ರ ಗೆರೆಯನ್ನು ಕೇಳಿ ನಡೆಯಲಿಲ್ಲ. ಇಂದಿಗೂ ಗಡಿಯ ಸಂತೆಗಳಲ್ಲಿ ದೇವಣಿ ಹೋರಿಯ ರೇಟು ಮರಾಠಿಯಲ್ಲಿ ಕುದುರುತ್ತದೆ, ಜಗಳ ಬಂದರೆ ಬೈಗುಳ ಕನ್ನಡದಲ್ಲಿ ಹೊರಡುತ್ತದೆ. ಎರೆಭೂಮಿ, ತೊಗರಿ, ಸೋಯಾ, ಹಿಂಗಾರಿನ ಜೋಳ. ಮಳೆ ಕೈಕೊಟ್ಟರೆ ಊರಿಗೆ ಊರೇ ದಾರಿ ಹಿಡಿಯುತ್ತದೆ. 2016ರ ಬೇಸಿಗೆಯಲ್ಲಿ ಮೀರಜಿನಿಂದ ರೈಲಿನಲ್ಲಿ ನೀರು ತರಿಸಿಕೊಂಡು ಕುಡಿದ ಲಾತೂರ ಇದೇ.

ಇಲ್ಲಿಯ ದೇವರುಗಳು ಮಂದಿಯನ್ನು ನಡೆಸುವ ದೇವರುಗಳು. ಆಷಾಢಕ್ಕೆ ಪಂಢರಪುರ, ಸೀಗಿ ಹುಣ್ಣಿಮೆಗೆ ತುಳಜಾಪುರ, ಕಾರ್ತಿಕ ಹುಣ್ಣಿಮೆಗೆ ಬೀಡ ಜಿಲ್ಲೆಯ ಕಪಿಲಧಾರ. ಕಪಿಲಧಾರದಲ್ಲಿರುವುದು ಮನ್ಮಥಸ್ವಾಮಿಯ ಸಮಾಧಿ. ಮರಾಠಿಯಲ್ಲಿ ಹಾಡಿದ ಈ ವೀರಶೈವ ಸಂತ ಹುಟ್ಟಿದ್ದು ನಿಲಂಗಾದಲ್ಲಿ ಎಂಬುದು ಭಕ್ತರ ನಂಬಿಕೆ. ಅಹ್ಮದಪುರದ ಶಿವಲಿಂಗ ಶಿವಾಚಾರ್ಯರು ದಶಕಗಳ ಕಾಲ ಕಪಿಲಧಾರದ ಪಾದಯಾತ್ರೆಯನ್ನು ಮುನ್ನಡೆಸಿದರು. ನೂರು ದಾಟಿ ಬದುಕಿದ ಅವರು ತೀರಿಕೊಂಡದ್ದು 2020ರಲ್ಲಿ. ನಡೆಯುವವರು ಇದ್ದಲ್ಲಿ ಉಣಿಸುವವರೂ ಇರಬೇಕು. ಹಾಗಾಗಿ ಇಲ್ಲಿ ಪ್ರತಿ ಹಳ್ಳಿಗೂ ದೊಡ್ಡ ಹಂಡೆಗಳು, ಉದ್ದ ಸೌಟುಗಳು, ಪಂಕ್ತಿಗೆ ಹಾಸುವ ಪಟ್ಟಿಗಳು ಇವೆ. ಹರಿನಾಮ ಸಪ್ತಾಹದ ಕೊನೆಯ ದಿನ ಕಾಲಾ ಕೀರ್ತನೆ ಮುಗಿಯುತ್ತಿದ್ದಂತೆ ಅವೇ ಹಂಡೆಗಳು ಹೊರಬರುತ್ತವೆ, ಬಸವ ಜಯಂತಿಗೂ ಅವೇ. ಪೂರ್ವಕ್ಕೆ ಬೀದರದ ಸಿಖ್ಖರ ಗುರುದ್ವಾರ ನಾನಕ ಝೀರಾದಲ್ಲಿ ದಿನವೂ ಲಂಗರ್ ಊಟ. ಅಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತರೆ ಸಾಕು, ಯಾರೂ ಏನೂ ಕೇಳುವುದಿಲ್ಲ.

ಕೇಳದೆ ಇರುವ ಈ ರೂಢಿಯ ತುತ್ತತುದಿಯನ್ನು ನೋಡಬೇಕಾದರೆ ದಕ್ಷಿಣಕ್ಕೆ, ಭೀಮಾ-ಅಮರಜಾ ಸಂಗಮದ ಗಾಣಗಾಪುರಕ್ಕೆ ಹೋಗಬೇಕು. ನೃಸಿಂಹ ಸರಸ್ವತಿಗಳ ರೂಪದಲ್ಲಿ ದತ್ತಾತ್ರೇಯನು ದಿನವೂ ನಡುಹಗಲಿಗೆ ಆ ಊರಿಗೆ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ಅದಕ್ಕೇ ಆ ಹೊತ್ತಿನಲ್ಲಿ ಊರೆಲ್ಲ ಮಾಧುಕರಿ. ಕಾರಿನಲ್ಲಿ ಬಂದ ಸಾಹುಕಾರನೂ ಜೋಳಿಗೆ ಹಿಡಿದು ಮನೆಮನೆಯ ಮುಂದೆ ನಿಲ್ಲುತ್ತಾನೆ. ಅವನ ಹಿಂದೆಯೇ ವರ್ಷಗಳಿಂದ ಅದೇ ಬೀದಿಯಲ್ಲಿ ಮಲಗುವವನು ನಿಲ್ಲುತ್ತಾನೆ. ನೀಡುವ ಗೃಹಿಣಿಗೆ ಇಬ್ಬರೂ ಒಂದೇ. ಬಂದವನು ದತ್ತನೇ ಇದ್ದರೆ? ಹಾಗಾಗಿ ಯಾರೆಂದು ಕೇಳಲು ಬಾಯಿ ಬರುವುದಿಲ್ಲ. ಇಷ್ಟು ಮರ್ಯಾದೆಯಿಂದ ಹಸಿದವನಿಗೆ ಉಣಿಸುವ ಏರ್ಪಾಡು ಬೇರೆಲ್ಲಿದೆಯೋ ಕಾಣೆ. ಉಂಡವನ ತಲೆ ತಗ್ಗುವುದಿಲ್ಲ, ನೀಡಿದವನ ತಲೆ ಏರುವುದಿಲ್ಲ.

ಆದರೆ ಉಂಡ ಮೇಲೆ ಸಾಹುಕಾರ ಲಾಡ್ಜಿಗೆ ಹೋಗುತ್ತಾನೆ. ಹಿಂದೆ ನಿಂತಿದ್ದವನು ಹೋಗುವುದು ಯಾವುದಾದರೂ ಕಟ್ಟೆಯ ನೆರಳಿಗೆ.

ಊರಿಗೆ ಊರೇ ಸೂರು ಕಳೆದುಕೊಂಡಾಗ

ಮನೆಯಿಲ್ಲದವರ ಮಾತನ್ನು ಈ ಸೀಮೆಯಲ್ಲಿ ಎತ್ತಿದರೆ ಹಿರಿಯರು ಬಸ್ ಸ್ಟ್ಯಾಂಡಿನ ಮುದುಕನ ಬಗ್ಗೆ ಹೇಳುವುದಿಲ್ಲ. ಕಿಲ್ಲಾರಿಯ ಬಗ್ಗೆ ಹೇಳುತ್ತಾರೆ.

1993ರ ಸೆಪ್ಟೆಂಬರ್ 29, ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ, ಗುಲಾಲು ಮೆತ್ತಿದ ಮೈಯಲ್ಲೇ ಮಲಗಿದ್ದ ಹಳ್ಳಿಗಳು. ಮರುದಿನ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಉಮರ್ಗಾದ ಉತ್ತರಕ್ಕೂ ನಿಲಂಗಾದ ಪಶ್ಚಿಮಕ್ಕೂ ಇರುವ ತೇರಣಾ ನದಿಯ ಸೀಮೆ ಅಲುಗಿತು. ತೀವ್ರತೆ 6.2. ಕಿಲ್ಲಾರಿ, ತಳಣಿ, ಮಂಗರೂಳ, ಸಾಸ್ತೂರ, ಹೋಳಿ, ರಾಜೇಗಾಂವ, ಪೇಠಸಾಂಗವಿ... ನಿಮಿಷದೊಳಗೆ ಮಣ್ಣಿನ ದಿಬ್ಬಗಳಾದವು. ಸತ್ತವರು ಸುಮಾರು 10 ಸಾವಿರ. ಕೊಂದದ್ದು ಅವರವರ ಮನೆಯೇ. ದುಂಡುಗಲ್ಲಿಗೆ ಮಣ್ಣು ಮೆತ್ತಿ ಎಬ್ಬಿಸಿದ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಸೋರದಿರಲೆಂದು ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಹೊಸ ಮಣ್ಣು ಏರಿಸುವುದು ವಾಡಿಕೆ, ತಲೆಮಾರಿನಿಂದ ಏರಿಸಿದ ಆ ಮಣ್ಣೆಲ್ಲ ಒಮ್ಮೆಗೇ ಎದೆಯ ಮೇಲೆ ಕುಳಿತಿತು. ಗುಡಿಸಲಿನಲ್ಲಿ ಮಲಗಿದ್ದ ಎಷ್ಟೋ ಬಡವರು ಬದುಕಿದರು, ವಾಡೆಯೊಳಗಿದ್ದ ಎಷ್ಟೋ ಗೌಡರು ಹೋದರು. ದಖ್ಖನ್ನಿನ ಬಂಡೆ ಅಲುಗುವುದಿಲ್ಲವೆಂದು ಭೂಕಂಪದ ನಕಾಶೆಯಲ್ಲಿ ಅತಿ ಕಡಿಮೆ ಅಪಾಯದ ವಲಯಕ್ಕೆ ಸೇರಿಸಿದ್ದ ಜಾಗ ಅದು. ಹಿಂದಿನ ವರ್ಷ, 1992ರಲ್ಲಿ, ನೆಲ ಸಣ್ಣಗೆ ಗುಡುಗಿ ಎಚ್ಚರಿಸಿತ್ತು. ಯಾರೂ ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಬೆಳಗಾಗುತ್ತಲೇ ಬಂದವರು ಸುತ್ತಲಿನ ಹಳ್ಳಿಯವರು, ಸಪ್ತಾಹದ ಹಂಡೆಗಳನ್ನೇ ಟ್ರ್ಯಾಕ್ಟರಿಗೆ ಹಾಕಿಕೊಂಡು. ಆಮೇಲೆ ಸೈನ್ಯ. ಆಮೇಲೆ ದೇಶವೆಲ್ಲ. ಮಠ, ಮಸೀದಿ, ಚರ್ಚು, ಸಂಘ, ಮಂಡಳಿ ಯಾವುದೂ ಮನೆಯಲ್ಲಿ ಕೂರಲಿಲ್ಲ. ಮಳೆ ಹಿಡಿದಿತ್ತು. ಹೆಣ ಸುಡಲು ಕಟ್ಟಿಗೆ ಸಾಲದೆ ಬಿದ್ದ ಮನೆಗಳ ತೊಲೆ-ಜಂತಿಗಳನ್ನೇ ಎಳೆದು ಒಟ್ಟಿದರು. ಯಾವ ಜಾತಿಯವನ ಹೆಣ, ಯಾವ ಜಾತಿಯವನ ತೊಲೆ ಎಂದು ನೋಡುವ ಹೊತ್ತಾಗಿರಲಿಲ್ಲ ಅದು. ಮಂಗರೂಳದಲ್ಲಿ ಐದನೆಯ ದಿನ ಸೈನ್ಯದ ಅಧಿಕಾರಿಯೊಬ್ಬರು ಅವಶೇಷದಡಿ ಕೈಹಾಕಿ ಒಂದೂವರೆ ವರ್ಷದ ಹೆಣ್ಣುಮಗುವನ್ನು ಜೀವಂತವಾಗಿ ಎಳೆದುಕೊಂಡರು. ದೇವರಿದ್ದಾನೆ ಎನ್ನುವವರಿಗೂ ಇಲ್ಲ ಎನ್ನುವವರಿಗೂ ಆ ದಿನ ಅಳಲು ಒಂದೇ ಕಾರಣವಿತ್ತು.

ಆ ಮೊದಲ ವಾರದ ಸೇವೆಯಲ್ಲಿ ಊರು ಕೇಳುವವರು ಇರಲಿಲ್ಲ. ಲಾರಿಗಳಿಂದ ಬ್ರೆಡ್ಡು, ಒಣಗಿದ ಪೂರಿ, ಹಳೆಯ ಬಟ್ಟೆ ಸುರಿದವು. ಬೇರೆಯವರು ಉಟ್ಟ ಸೀರೆಯನ್ನು ಎಂದೂ ಪಡೆಯದ ಹೆಣ್ಣುಮಕ್ಕಳು ಆ ಬಟ್ಟೆಯ ರಾಶಿಯ ಹತ್ತಿರ ಹೋಗಲಿಲ್ಲ. ರಾಶಿ ಮಳೆಯಲ್ಲಿ ನೆನೆದು ಕೊಳೆಯಿತು. ಕೊಟ್ಟವರ ಮನಸ್ಸು ದೊಡ್ಡದಿತ್ತು. ಏನು ಬೇಕೆಂದು ಕೇಳುವುದೊಂದು ಉಳಿದಿತ್ತು.

ಕೇಳಿದವರು, ಅಳೆದವರು, ಉಳಿದವರು

ಕೇಳಲು ಶುರುಮಾಡಿದ್ದು ಸರ್ಕಾರ. ಆದರೆ ಅದು ಕೇಳಿದ್ದು ಹೊಲ ಎಷ್ಟಿದೆ ಎಂದು. ಪೂರಾ ನೆಲಸಮವಾದ 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟುವುದೆಂದು ತೀರ್ಮಾನವಾಯಿತು. ವಿಶ್ವಬ್ಯಾಂಕಿನ ಸಾಲ ಬಂತು. ಹೊಲವಿಲ್ಲದವನಿಗೂ ಒಂದು ಹೆಕ್ಟೇರಿನೊಳಗೆ ಇದ್ದವನಿಗೂ 250 ಚದರಡಿ ಮನೆ, ಏಳು ಹೆಕ್ಟೇರಿನ ತನಕ ಇದ್ದವನಿಗೆ 400, ಅದಕ್ಕೂ ಹೆಚ್ಚಿದ್ದರೆ 750. ಭೂಕಂಪ ಒಂದೇ ರಾತ್ರಿ ಎಲ್ಲರನ್ನೂ ಒಂದೇ ಬಯಲಿಗೆ ತಂದು ನಿಲ್ಲಿಸಿತ್ತು. ಕಾಗದ ಅವರನ್ನು ಮತ್ತೆ ಮೂರು ಸಾಲು ಮಾಡಿತು.

ಇವತ್ತು ಕಿಲ್ಲಾರಿಗೆ ಹೋದರೆ ಎರಡು ಊರು ಕಾಣುತ್ತವೆ. ಹಳೆಯದರಲ್ಲಿ ಕಲ್ಲುಗುಪ್ಪೆ, ಜಾಲಿ ಕಂಟಿ, ಸ್ಮಾರಕ. ಪ್ರತಿ ಸೆಪ್ಟೆಂಬರ್ 30ರಂದು ಅಲ್ಲಿ ಹೂವಿಟ್ಟು ಸತ್ತವರನ್ನು ನೆನೆಯುತ್ತಾರೆ. ಹೊಸದರಲ್ಲಿ ಗೆರೆ ಹೊಡೆದಂತೆ ನೇರ ರಸ್ತೆಗಳು, ಸಾಲು ಮನೆಗಳು, ಮನೆಗೂ ಮನೆಗೂ ನಡುವೆ ಅಷ್ಟಷ್ಟು ಬಯಲು. ಬೇವಿನ ಮರದ ಪಾರಕಟ್ಟೆ, ಓಣಿಯ ತಿರುವು, ಜಗಲಿಯ ಮೇಲೆ ಕೂತು ಎದುರುಮನೆಯ ಜೊತೆ ಶೇಂಗಾ ಸುಲಿಯುವ ಸುಖ ನಕಾಶೆಯಲ್ಲಿ ಇರಲಿಲ್ಲ. ಮನೆ ಸಿಕ್ಕ ಮೇಲೂ ಬಹುಕಾಲ ಎಷ್ಟೋ ಮಂದಿ ಒಳಗೆ ಮಲಗಲಿಲ್ಲ. ತಲೆಯ ಮೇಲೆ ಭಾರದ ಮಾಳಿಗೆ ಬೇಡವೆಂದು ಅಂಗಳದ ಪತ್ರಾಸಿನ ಕೆಳಗೆ ಹೊರಸು ಹಾಕಿಕೊಂಡರು.

ಹಳ್ಳಿಗಳನ್ನು ದತ್ತು ತೆಗೆದುಕೊಳ್ಳಿರೆಂದು ಸರ್ಕಾರ ಕರೆದಾಗ ಸೇವೆಗೆ ಬಂದವರನ್ನು ಜರಡಿ ಹಿಡಿದಂತಾಯಿತು. ಹಂಡೆ ಇಳಿಸಿ ಹೋದವರು ಹಲವರು, ಗಾರೆ ಕಲಸಲು ನಿಂತವರು ಕೆಲವರು. ಸ್ವಾಮಿನಾರಾಯಣ ಪಂಥದ ಬಾಪ್ಸ್ ಸಂಸ್ಥೆ, ಚರ್ಚುಗಳ ಸೇವಾ ಸಂಸ್ಥೆ ಕಾಸಾ ಹೀಗೆ ನಿಂತವರ ಪೈಕಿ. ಬಾಣೇಗಾಂವವನ್ನು ಮಲಯಾಳ ಮನೋರಮಾ ಪತ್ರಿಕೆ ಓದುಗರ ದೇಣಿಗೆಯಿಂದ ಕಟ್ಟಿಸಿತು. ಅದರ ವಿನ್ಯಾಸ ಲಾರಿ ಬೇಕರ್ ಅವರದು. ಇಂಗ್ಲೆಂಡಿನ ಈ ಕ್ವೇಕರ್ 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ಕಟ್ಟುವ ಕೆಲಸಕ್ಕೆಂದು ಭಾರತಕ್ಕೆ ಬಂದು ಇಲ್ಲಿಯವರೇ ಆದರು. ಒಬ್ಬ ಬಡವನ ಮನೆಯನ್ನೂ ಅವನನ್ನು ಕೇಳದೆ ಕಟ್ಟಬಾರದೆಂಬುದು ಅವರ ಬದುಕಿನ ಪಾಠ. ಅಂಗಳದ ಸುತ್ತ ಮನೆಗಳನ್ನು ಗುಂಪಾಗಿ ಇಡುವುದು ಅವರಿಗೆ ಮುಖ್ಯವಾಗಿತ್ತು, ಏಕೆಂದರೆ ಹಳ್ಳಿಯವರಿಗೆ ಅದು ಮುಖ್ಯವಾಗಿತ್ತು.

ಪುಣೆಯ ಭಾರತೀಯ ಜೈನ ಸಂಘಟನೆಯ ಶಾಂತಿಲಾಲ್ ಮುಥಾ ನೋಡಿದ್ದು ಮಕ್ಕಳ ಕಡೆಗೆ. ತಂದೆ ತಾಯಿಯನ್ನು ಕಳೆದುಕೊಂಡವರು, ಶಾಲೆ ಕಳೆದುಕೊಂಡವರು ಸೇರಿ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದುಕೊಂಡು ಹೋದರು. ವಾಘೋಲಿಯಲ್ಲಿ ಅವರಿಗೆ ವಸತಿ, ಶಾಲೆ, ಕಾಲೇಜು ಆಯಿತು. ಒಂದು ಹೊತ್ತಿನ ಊಟ ಹಾಕಲು ಅರ್ಧ ದಿನ ಸಾಕು. ಒಂದು ಮಗುವನ್ನು ಡಿಗ್ರಿಯ ತನಕ ಓದಿಸಲು ಹದಿನೈದು ವರ್ಷ ಬೇಕು. ಪುಣೆಯದೇ ಜ್ಞಾನ ಪ್ರಬೋಧಿನಿಯವರು ಮಕ್ಕಳನ್ನು ಕರೆದೊಯ್ಯುವ ಬದಲು ತಾವೇ ಬಂದು ಹರಾಳಿಯಲ್ಲಿ ಬೇರು ಬಿಟ್ಟರು. ಕಲ್ಲುಬರಡಿನಲ್ಲಿ ಶಾಲೆ ಕಟ್ಟಿದರು, ಗಿಡ ನೆಟ್ಟರು. ಸುದ್ದಿ ಹಳೆಯದಾಗಿ, ಪತ್ರಕರ್ತರು ಹೋಗಿ, ಲಾರಿಗಳು ನಿಂತ ಮೇಲೂ ಆ ಶಾಲೆಯ ಗಂಟೆ ನಿಲ್ಲಲಿಲ್ಲ.

ಬಿರುಕುಬಿಟ್ಟ ಸುಮಾರು ಎರಡು ಲಕ್ಷ ಮನೆಗಳ ದುರಸ್ತಿಯ ಕಥೆ ಬೇರೆ. ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಧರ್ಮದ ಸಂಸ್ಥೆ ಅಲ್ಲ. ಆದರೆ ಅದು ಹಿಡಿದದ್ದು ಊರೂರಿನ ಮಹಿಳಾ ಮಂಡಳಗಳನ್ನು. ಅರಿಸಿನ-ಕುಂಕುಮಕ್ಕೆ, ಭಜನೆಗೆ ಸೇರುತ್ತಿದ್ದ ಹೆಣ್ಣುಮಕ್ಕಳು ಸಂವಾದ ಸಹಾಯಕಿಯರಾದರು. ಮನೆಮನೆಗೆ ಹೋಗಿ ಗೋಡೆ ನೋಡಿ, ಸಿಮೆಂಟು ಲೆಕ್ಕಹಾಕಿ, ಗೌಂಡಿಯ ಕೆಲಸ ತಪ್ಪಿದರೆ ನಿಲ್ಲಿಸಿದರು. ಸೂರಿನ ವಿಷಯದಲ್ಲಿ ಹೆಂಗಸರನ್ನು ಕೇಳಿದ್ದು ಈ ಸೀಮೆಯ ಇತಿಹಾಸದಲ್ಲಿ ಬಹುಶಃ ಅದೇ ಮೊದಲು.

ಊರೇ ಇಲ್ಲದ ಮಕ್ಕಳು

ಉದಗೀರದಿಂದ ಬೀದರದ ಕಡೆ ರೈಲು ಹತ್ತಿದರೆ ಕಮಲನಗರ ಬರುತ್ತದೆ, ಆಮೇಲೆ ಭಾಲ್ಕಿ. ಕಮಲನಗರದಲ್ಲಿ ಹುಟ್ಟಿದ ಚನ್ನಬಸವ ಪಟ್ಟದ್ದೇವರು ಭಾಲ್ಕಿ ಹಿರೇಮಠದ ಒಡೆಯರಾದರು. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಾಹಸಿ ಅವರು. 1999ರಲ್ಲಿ ಅವರು ಲಿಂಗೈಕ್ಯರಾದರು. ಅವರ ನಂತರದ ಬಸವಲಿಂಗ ಪಟ್ಟದ್ದೇವರು ಮಠದೊಳಕ್ಕೆ ಇನ್ನೊಂದು ಬಗೆಯ ಮಕ್ಕಳನ್ನು ಕರೆದುಕೊಂಡರು. ತಿಪ್ಪೆಯಲ್ಲಿ, ಬೇಲಿ ಸಾಲಿನಲ್ಲಿ, ಬಸ್ ನಿಲ್ದಾಣದಲ್ಲಿ ಯಾರೋ ಇಟ್ಟು ಹೋದ ಹಸುಗೂಸುಗಳು.

ಮಠವೆಂದರೆ ನಮಗೆ ನೆನಪಾಗುವುದು ಗದ್ದುಗೆ, ಪಲ್ಲಕ್ಕಿ, ಪಾದಪೂಜೆ. ಅಲ್ಲೊಂದು ತೊಟ್ಟಿಲು ತೂಗುತ್ತಿದೆ ಎಂದರೆ ಮೊದಲಿಗೆ ನಂಬುವುದು ಕಷ್ಟ. ಸ್ವಾಮಿಗಳ ಕಾವಿ ಹಿಡಿದುಕೊಂಡು ಓಡಾಡುವ ಮಕ್ಕಳಿಗೆ ಅವರು ಜಗದ್ಗುರುವೂ ಅಲ್ಲ, ಪೂಜ್ಯರೂ ಅಲ್ಲ, ಮನೆಯ ಹಿರಿಯರು. ಈ ಮಕ್ಕಳಿಗೆ ಊರು ಯಾವುದೆಂದು ಕೇಳಿದರೆ ಉತ್ತರ ಹೇಳುವವರಿಲ್ಲ. ಹಾಗಾಗಿ ಮಠ ಕೇಳುವ ಗೋಜಿಗೆ ಹೋಗದೆ ತಾನೇ ಅವರ ಊರಾಯಿತು. ಬಸವಕಲ್ಯಾಣದಿಂದ ಅಷ್ಟೇನೂ ದೂರವಿಲ್ಲದ ಭಾಲ್ಕಿಯಲ್ಲಿ, ಎಂಟು ನೂರು ವರ್ಷಗಳ ಹಿಂದಿನ ಶರಣರ ಮಾತನ್ನು ವೇದಿಕೆಯ ಮೇಲೆ ಹೇಳುವವರಿಗೆ ಕೊರತೆಯಿಲ್ಲ. ತೊಟ್ಟಿಲ ಬಳಿ ರಾತ್ರಿ ಎದ್ದು ಕೂತು ಅದನ್ನು ಪಾಲಿಸುವವರು ಕಡಿಮೆ.

ರಾತ್ರಿಯ ಉದಗೀರ

ಉದಗೀರ ಕೋಟೆಯ ಊರು. 1760ರಲ್ಲಿ ಮರಾಠರು ನಿಜಾಮನನ್ನು ಸೋಲಿಸಿದ ರಣಾಂಗಣ. ಈಗ ಬೇಳೆಯ ಊರು. ಹಗಲು ದಾಲ್ ಮಿಲ್ಲುಗಳ ಸದ್ದು, ಮೋಂಢಾದಲ್ಲಿ ತೊಗರಿ ಹರಾಜು, ಹಮಾಲರ ಓಡಾಟ. ರಾತ್ರಿ ಹತ್ತರ ಮೇಲೆ ಇದೇ ಮೋಂಢಾದ ಕಟ್ಟೆಗಳಿಗೆ, ರೈಲು ನಿಲ್ದಾಣದ ಮೂಲೆಗೆ, ಬಸ್ ಸ್ಟ್ಯಾಂಡಿನ ಬೆಂಚಿಗೆ ಬೇರೆಯೇ ಜನ ಬರುತ್ತಾರೆ.

ಅವರೆಲ್ಲ ಒಂದೇ ಬಗೆಯವರಲ್ಲ. ಸೊಸೆಯ ಮಾತಿಗೆ ಮನೆ ಬಿಟ್ಟ ಮುದುಕಿ. ಕಬ್ಬಿನ ಕಟಾವಿಗೆ ಹೊರಟು ಮುಕಾದಮನ ಲಾರಿ ತಪ್ಪಿಸಿಕೊಂಡ ಗಂಡ ಹೆಂಡತಿ. ಇವರಿಗೆ ಕಾರ್ಖಾನೆಯ ಲೆಕ್ಕದಲ್ಲಿ ಹೆಸರಿಲ್ಲ, ಜೋಡಿಗೆ 'ಒಂದು ಕೊಯ್ತಾ', ಅಂದರೆ ಒಂದು ಕುಡುಗೋಲು, ಎನ್ನುತ್ತಾರೆ, ವರ್ಷದ ಅರ್ಧ ಅವರಿಗೆ ಗದ್ದೆಯ ಬದಿಯ ಕೊಪ್ಪಿಯೇ ಮನೆ. ಕುಡಿದು ಎಲ್ಲವನ್ನೂ ಕಳೆದುಕೊಂಡ ಗೌಂಡಿ. ಇವರೆಲ್ಲರ ನಡುವೆ, ಯಾರ ಜೊತೆಗೂ ಮಾತಾಡದೆ ಕಂಬಕ್ಕೆ ಮುಖ ಮಾಡಿ ಕೂತ, ಜಡೆಗಟ್ಟಿದ ಕೂದಲಿನ ಒಬ್ಬ. ಗಾಳಿ ಬಿಡಿಸಲೆಂದು ಯಾವುದೋ ಕ್ಷೇತ್ರಕ್ಕೆ ಕರೆತಂದು ಜಾತ್ರೆಯ ಗದ್ದಲದಲ್ಲಿ ಕೈಬಿಟ್ಟವರೂ ಇಂಥವರಲ್ಲಿ ಇರುತ್ತಾರೆ, ತಾವೇ ರೈಲು ಹತ್ತಿ ಬಂದವರೂ ಇರುತ್ತಾರೆ.

ಊಟದ ಪಂಚಾಂಗ ಇವರಿಗೆ ಬಾಯಿಪಾಠ. ಸೋಮವಾರ ಈಶ್ವರನ ಗುಡಿ, ಗುರುವಾರ ದರ್ಗಾ ಮತ್ತು ದತ್ತ, ಶುಕ್ರವಾರ ಮಸೀದಿಯ ಬಾಗಿಲು, ಶನಿವಾರ ಹನುಮಪ್ಪ. ಚಳಿಗಾಲ ಬಂದರೆ ತರುಣರ ಮಂಡಳಿಗಳು ರಾತ್ರಿ ಬೈಕಿನಲ್ಲಿ ಬಂದು ಕಂಬಳಿ ಹೊದಿಸುತ್ತವೆ. ಮಲಗಿದವನ ಮುಖಕ್ಕೆ ಮೊಬೈಲಿನ ಬೆಳಕು ಬೀಳುತ್ತದೆ, ಫೋಟೊ ಆಗುತ್ತದೆ, ಬೆಳಗಾಗುವುದರೊಳಗೆ ಅದು ಊರಿಗೆಲ್ಲ ತಲುಪುತ್ತದೆ. ಕಂಬಳಿ ನಿಜವಾದದ್ದೇ, ಬೆಚ್ಚಗೂ ಇದೆ. ಆದರೆ ಆ ಮುಖದ ಹೆಸರು ಫೋಟೊ ತೆಗೆದವನಿಗೂ ಗೊತ್ತಿರುವುದಿಲ್ಲ.

ಆದರೂ ಈ ಗಡಿಯ ಜನರ ಹತ್ತಿರ ದೊಡ್ಡ ನಗರಗಳ ಸಂಸ್ಥೆಗಳಿಗೆ ದುಡ್ಡು ಕೊಟ್ಟರೂ ಸಿಗದ ಒಂದು ಆಸ್ತಿಯಿದೆ. ಅವರ ನಾಲಿಗೆ. ಉದಗೀರದ ಸಾಮಾನ್ಯ ಚಹಾದಂಗಡಿಯವನಿಗೂ ಕನ್ನಡ, ಮರಾಠಿ, ದಖನಿ ಉರ್ದು ಬರುತ್ತದೆ, ತೆಲುಗು ಅಷ್ಟಿಷ್ಟು ತಿಳಿಯುತ್ತದೆ. ಮನಸ್ಸು ಕದಡಿದ ಮನುಷ್ಯ ಗೊತ್ತಿಲ್ಲದ ಭಾಷೆಗೆ ಕಿವುಡನಂತೆ ಕೂರುತ್ತಾನೆ. ಅದೇ "ಅಣ್ಣಾ, ಉಂಡ್ರೇನ್ರಿ?" ಎಂದು ತಾಯಿನುಡಿ ಕಿವಿಗೆ ಬಿದ್ದಾಗ ತಲೆ ಎತ್ತುತ್ತಾನೆ. ರಾಯಗಡ ಜಿಲ್ಲೆಯ ಕರ್ಜತದಲ್ಲಿ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನ ನಡೆಸುವ ಮನೋವೈದ್ಯ ಭರತ್ ವಾಟವಾನಿ ಬೀದಿಯ ಮೇಲಿನ ಮನೋರೋಗಿಗಳಿಗೆ ಚಿಕಿತ್ಸೆ ಕೊಟ್ಟು, ಅವರ ಮಾತಿನ ಎಳೆ ಹಿಡಿದು, ಊರು ಹುಡುಕಿ ಮನೆಗೆ ಮುಟ್ಟಿಸುತ್ತಾರೆ. 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ. ಔಷಧಿ ಕೆಲಸ ಮಾಡಿದ ಮೇಲೆ ಅವರ ಕಾರ್ಯಕರ್ತರು ಮೊದಲು ಕೇಳುವ ಪ್ರಶ್ನೆ, ನಮ್ಮ ಪೆಂಡಾಲುಗಳಲ್ಲಿ ಕೇಳಬಾರದೆನ್ನುವ ಅದೇ ಪ್ರಶ್ನೆ: ಯಾವ ಊರು?

ಹಾಗೆಂದು ಹಂಡೆಯ ಹತ್ತಿರ ನಿಂತ ಹಿರಿಯರ ಮಾತು ತಪ್ಪೆಂದು ಹೇಳುವಂತಿಲ್ಲ. ಬಡಿಸುವ ಮೊದಲು ಊರು ಕೇಳಿದರೆ ಜಾತಿ ಕೇಳಿದಂತೆಯೇ. ಆ ದಾರಿ ಎಲ್ಲಿಗೆ ಹೋಗುತ್ತದೆಂದು ನಮಗೆ ಗೊತ್ತಿದೆ. ತಟ್ಟೆ ತುಂಬುವ ತನಕ ಕೇಳಬಾರದು. ತಟ್ಟೆ ಖಾಲಿಯಾದ ಮೇಲೆ, ಪಕ್ಕದಲ್ಲಿ ಕೂತು, ಅವರ ಭಾಷೆಯಲ್ಲಿ ಕೇಳಬೇಕು: "ಉಂಡ ಮ್ಯಾಲ ಎಲ್ಲಿ ಮಲಗ್ತೀರಿ?" ಕಿಲ್ಲಾರಿ ಕಲಿಸಿದ್ದೂ ಇದನ್ನೇ. ಅಲ್ಲಿ ಊಟಕ್ಕೆ ಬರಗಾಲವಿರಲಿಲ್ಲ. ಉಂಡವರ ಜೊತೆ ಕೂತು ಕೇಳಿದ ಬೇಕರ್, ಮುಥಾ, ಹರಾಳಿಯ ಶಿಕ್ಷಕರು, ಸಂವಾದ ಸಹಾಯಕಿಯರು ಇವರ ಕೆಲಸ ಮಾತ್ರ ಮೂವತ್ತು ವರ್ಷ ಬಾಳಿತು.

ಕೇಳಿದ ಮೇಲೆ ಏನು ಮಾಡಬೇಕೆಂಬುದಕ್ಕೂ ದಾರಿಗಳಿವೆ, ಅವನ್ನು ತುಳಿಯುವವರು ಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಕಲಂ 100ರ ಪ್ರಕಾರ, ಬೀದಿಯಲ್ಲಿ ಅಲೆಯುವ ಮನೋರೋಗಿಯನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು ಪೊಲೀಸ್ ಠಾಣೆಯ ಹೊಣೆ. ಲಾಕಪ್ಪಿಗೆ ಹಾಕುವಂತಿಲ್ಲ. ಮನೆಯವರು ಸಿಗದಿದ್ದರೆ ಕಾಣೆಯಾದವರ ದೂರು ದಾಖಲಿಸಿ ಅವರನ್ನು ಹುಡುಕುವುದೂ ಠಾಣೆಯದೇ ಕೆಲಸ. ಸಿಕ್ಕ ಹಸುಗೂಸನ್ನು ಯಾರೂ ಮನೆಗೆ ಒಯ್ಯುವಂತಿಲ್ಲ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬೇಕು. 2024ರ ತನಕ ನಡೆದ ನಗರ ಜೀವನೋಪಾಯ ಅಭಿಯಾನದ ನಿಯಮದಂತೆ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿ ತಂಗುವ, ದಿನವಿಡೀ ತೆರೆದಿರುವ ಆಶ್ರಯಮನೆ ಇರಬೇಕಿತ್ತು. 2011ರ ಜನಗಣತಿಯಲ್ಲೇ ಉದಗೀರ ಲಕ್ಷ ದಾಟಿದೆ. ಅದೇ ಜನಗಣತಿ ದೇಶದಲ್ಲಿ ಸೂರಿಲ್ಲದವರು 17 ಲಕ್ಷಕ್ಕೂ ಹೆಚ್ಚೆಂದು ಎಣಿಸಿತು.

ಈ ವರ್ಷ ನಿಮ್ಮೂರಿನಲ್ಲಿ ಸಪ್ತಾಹ, ಉರುಸು, ಜಾತ್ರೆ, ಬಸವ ಜಯಂತಿ ಯಾವುದೇ ನಡೆಯಲಿ, ಅನ್ನಸಂತರ್ಪಣೆಯ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿ. ಬಡಿಸುವವರ ಜೊತೆಗೆ ಕೂತು ಮಾತಾಡುವವರು ಇಬ್ಬರು ಇರಲಿ, ಒಬ್ಬರಿಗೆ ಕನ್ನಡ ಬರಲಿ, ಇನ್ನೊಬ್ಬರಿಗೆ ಮರಾಠಿ. ಮರುದಿನ ಹಂಡೆ ತೊಳೆದಿಟ್ಟ ಮೇಲೆ ಮಂಡಳಿಯವರು ಒಟ್ಟಾಗಿ ನಗರಪಾಲಿಕೆಗೆ ಹೋಗಿ ಆಶ್ರಯಮನೆ ಎಲ್ಲಿದೆ, ಅದರ ಬೀಗ ಯಾರ ಹತ್ತಿರ ಇದೆ ಎಂದು ಕೇಳಿ ಬನ್ನಿ. ಇಲ್ಲವೆಂದರೆ ಅರ್ಜಿ ಬರೆದುಕೊಡಿ. ಅನ್ನ ಹಾಕಿದ ಕೈಗಳೇ ಬರೆದ ಅರ್ಜಿಯನ್ನು ತಳ್ಳಿಹಾಕುವುದು ಯಾವ ಕಚೇರಿಗೂ ಸುಲಭವಲ್ಲ.